ಹೊರೆಯ ಕೆಳಗೆ ನೆಟ್ಟಗೆ ನಿಂತ ಕತ್ತು

ಆಗಸ್ಟ್ ತಿಂಗಳ ಮೊದಲ ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ. ಹುಣಸೂರಿನ ನಮ್ಮ ಫಿಸಿಯೋಥೆರಪಿ ಕೇಂದ್ರದ ಒಳಕೋಣೆಯಲ್ಲಿ ನಾಲ್ಕು ಜನ ಇದ್ದೆವು. ಚಿಕಿತ್ಸೆಗೆ ಬಂದ ಹೆಣ್ಣುಮಗಳು, ವಯಸ್ಸು ಮೂವತ್ತರ ಆಚೀಚೆ. ಅವಳ ಗಂಡ. ಅವನ ತಾಯಿ. ಮತ್ತು ನಾನು. ಪಿರಿಯಾಪಟ್ಟಣದ ಆಚೆ, ಬೆಟ್ಟದಪುರದ ಬೆಟ್ಟದ ಕೆಳಗಿನ ಒಂದು ಹಳ್ಳಿಯಿಂದ ಅವರು ಮೊದಲ ಬಸ್ಸಿಗೇ ಹೊರಟು ಬಂದಿದ್ದರು.

ನನ್ನ ಕೋಣೆಗೆ ಕೆಲವು ಕಟ್ಟಳೆಗಳಿವೆ. ಚಪ್ಪಲಿ ಹೊರಗೆ. ಫೋನು ಸುಮ್ಮನಿರಬೇಕು. ಕೇಳಿದ್ದಕ್ಕೆ ರೋಗಿಯೇ ಉತ್ತರ ಕೊಡಬೇಕು, ಜೊತೆಗೆ ಬಂದವರಲ್ಲ. ಮಿಲಿಟರಿ ಆಸ್ಪತ್ರೆಗಳಲ್ಲಿ ರೂಢಿಯಾದ ಕ್ರಮ ಇದು, ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ಬಿಟ್ಟಿಲ್ಲ. ಪರೀಕ್ಷೆಯೂ ಹಾಗೇ ನಡೆಯುತ್ತದೆ. ಮೊದಲು ಕೇಳುವುದು, ಆಮೇಲೆ ನೋಡುವುದು, ಆಮೇಲೆ ಮುಟ್ಟುವುದು, ಕೊನೆಗೆ ಅಳೆಯುವುದು. ಹಿಂದುಮುಂದಾದರೆ ಏನಾದರೂ ತಪ್ಪಿಹೋಗುತ್ತದೆ.

"ಏನಾಗ್ತಿದೆಯಮ್ಮ ನಿನಗೆ?" ಅಂದೆ.

"ಏನೂ ಆಗಿಲ್ಲ ಕಣ್ರವ್ವ," ಅಂದರು ಅತ್ತೆ. "ಕತ್ತ ಅಂಗೆ ತಿರುಗುಸ್ಕಂಡು ಕುಂತ್ಕತ್ತಾಳೆ. ಊರೋರೆಲ್ಲ ನನ್ನ ಕೇಳ್ತಾವ್ರೆ, ನಿನ್ನ ಸೊಸೆ ಯಾಕಮ್ಮಿ ಯಾವಾಗ್ಲೂ ಪಕ್ಕದ ಮನೆ ಕಡೇನೇ ನೋಡ್ತಾಳೆ ಅಂತ."

ಗಂಡ ನಕ್ಕ. ಅವಳು ನಗಲಿಲ್ಲ. ಅತ್ತೆಯನ್ನೂ ಗಂಡನನ್ನೂ ಹೊರಗಿನ ಬೆಂಚಿಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ.

ಅವಳ ಮುಖ ಎಡಕ್ಕೆ ತಿರುಗಿತ್ತು. ಗದ್ದ ಹೆಚ್ಚುಕಡಿಮೆ ಎಡಭುಜದ ಮೇಲೆ ಬಂದಿತ್ತು. ಯಾರೋ ಗದ್ದಕ್ಕೆ ದಾರ ಕಟ್ಟಿ ಆಗಾಗ ಜಗ್ಗುತ್ತಿರುವ ಹಾಗೆ ತಲೆ ಸಣ್ಣಗೆ ಅದುರುತ್ತಿತ್ತು. ನಾನು ಅವಳ ಎದುರಿಗೇ ಕೂತಿದ್ದರೂ ಅವಳು ನನ್ನನ್ನು ಬಲಗಣ್ಣಿನ ಅಂಚಿನಿಂದ ನೋಡಬೇಕಾಗಿತ್ತು.

ಹೋದ ವರ್ಷ ಹೊಗೆಸೊಪ್ಪಿನ ಕೆಲಸ ಮುಗಿಯುವ ಹೊತ್ತಿಗೆ ಶುರುವಾಯಿತಂತೆ. ಮೊದಲು ದಿನಕ್ಕೊಂದು ಸಲ ಎಳೆದ ಹಾಗಾಗುತ್ತಿತ್ತು. ಯುಗಾದಿಯ ಹೊತ್ತಿಗೆ ತಲೆ ತಾನಾಗಿ ನೆಟ್ಟಗೆ ನಿಲ್ಲುವುದೇ ಹೋಯಿತು. ಮಲಗಿ ನಿದ್ದೆ ಬಂದರೆ ಏನೂ ಇರುವುದಿಲ್ಲ. ಎದ್ದು ಸ್ವಲ್ಪ ಹೊತ್ತಿಗೆ ಮತ್ತೆ ಶುರು. ನಾಲ್ಕು ಜನ ನೋಡುತ್ತಿದ್ದರೆ ಇನ್ನೂ ಜಾಸ್ತಿ. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದ್ದರು. ಮೂಳೆ, ನರ, ಮೆದುಳು ಎಲ್ಲ ಸರಿಯಾಗಿದೆ, ಮನಸ್ಸಿಗೆ ಏನೋ ಹಚ್ಚಿಕೊಂಡಿದ್ದಾಳೆ ಅಂದರಂತೆ. ಆ ಮಾತು ಇವಳಿಗಿಂತ ಮೊದಲು ಮನೆಯವರ ಕಿವಿಗೆ ಬಿದ್ದಿತ್ತು.

"ನಾನು ಮಾಡ್ತಾ ಇಲ್ಲ ಮೇಡಮ್ಮೋರೆ," ಅಂದಳು. ಆಮೇಲೆ ತಾನೇ, "ಎಲ್ರೂ ಏಳಿ ಏಳಿ, ನಾನೇ ಮಾಡ್ಕತ್ತಿದೀನೇನೋ ಅಂತ ನಂಗೇ ಅನುಮಾನ ಬಂದದೆ," ಅಂದಳು.

ಬಲಗಡೆಯ ಕತ್ತು ಮುಟ್ಟಿದೆ. ಕಿವಿಯ ಹಿಂದಿನ ಮೂಳೆಯಿಂದ ಎದೆಗೂಡಿನ ಮೇಲ್ತುದಿಗೆ ಓರೆಯಾಗಿ ಇಳಿಯುವ ಒಂದು ಸ್ನಾಯು ಇದೆ. ಬಲಗಡೆಯದು ಬಿಗಿದರೆ ಮುಖ ಎಡಕ್ಕೆ ತಿರುಗುತ್ತದೆ. ಅವಳಿಗೆ ಅದು ಬಾವಿಯ ಹಗ್ಗದಷ್ಟು ದಪ್ಪವಾಗಿ, ಗಟ್ಟಿಯಾಗಿ ಎದ್ದು ನಿಂತಿತ್ತು. ಕೋನಮಾಪಕ ಹಿಡಿದು ಎಷ್ಟು ತಿರುಗಿದೆ ಅಂತ ಅಳೆದೆ. ಸ್ನಾಯು ಬಿಗಿದ ಕತ್ತಿಗೆ ಏನು ಮಾಡಬೇಕೋ ಅದನ್ನು ಶುರು ಮಾಡಿದೆ. ಬಿಸಿ ಶಾಖ, ನಿಧಾನವಾಗಿ ಎಳೆದು ಸಡಿಲಿಸುವುದು, ಮನೆಯಲ್ಲಿ ಕತ್ತಿಗೆ ಕಟ್ಟಿಕೊಳ್ಳಲು ಒಂದು ಕಾಲರ್. ವಾರಕ್ಕೆ ಎರಡು ಸಲ ಬರಲು ಹೇಳಿದೆ.

ಬಂದಳು. ಒಂದು ಸಲವೂ ತಪ್ಪಿಸಲಿಲ್ಲ. ಆದರೆ ಕೋನಮಾಪಕದ ಕಡ್ಡಿ ಅಲ್ಲಾಡಲಿಲ್ಲ.

ಅದಕ್ಕಿಂತ ನನ್ನನ್ನು ಕಾಡಿದ್ದು ನನ್ನ ಕೈಗೆ ಸಿಗುತ್ತಿದ್ದ ಉತ್ತರ. ಪಾರ್ಶ್ವವಾಯು ಬಂದ ತೋಳು, ಪ್ಲಾಸ್ಟರ್ ತೆಗೆದ ಮಂಡಿ, ಸೆಟೆದ ಸೊಂಟ ಎಲ್ಲವನ್ನೂ ನನ್ನ ಕೈ ಬಲ್ಲದು. ಗಟ್ಟಿಯಾದ ಸ್ನಾಯುವನ್ನು ತಾಳ್ಮೆಯಿಂದ ಎಳೆದರೆ ಒಂದಲ್ಲ ಒಂದು ಕ್ಷಣ ಅದು ಬಿಟ್ಟುಕೊಡುತ್ತದೆ. ಇವಳದು ಬಿಟ್ಟುಕೊಡುತ್ತಿರಲಿಲ್ಲ. ನಾನು ಬಲಕ್ಕೆ ತಳ್ಳಿದಷ್ಟೂ ಒಳಗಿನಿಂದ ಇನ್ನೊಂದು ಕೈ ಅಷ್ಟೇ ಜೋರಾಗಿ ಎಡಕ್ಕೆ ತಳ್ಳುತ್ತಿತ್ತು. ಕಾಲರ್ ಹಾಕಿ ಗದ್ದ ಅದರ ಅಂಚಿಗೆ ಉಜ್ಜಿ ಉಜ್ಜಿ ಚರ್ಮ ಕಿತ್ತು ಬಂದಿತ್ತು. ಕಾಲರ್ ಬೇಡ ಅಂದೆ. ಎಳೆಯುವುದನ್ನೂ ನಿಲ್ಲಿಸಿದೆ. ಶಾಖ ಮಾತ್ರ ಉಳಿಯಿತು. ಅದು ನೋವಿಗೆ, ಅಷ್ಟೇ.

ಅದೇ ದಿನ ಗಂಡ ನನ್ನನ್ನು ಜಗಲಿಗೆ ಕರೆದ. "ಒಂದ್ನಿಮಿಷ ಬನ್ನಿ ಮೇಡಮ್ಮೋರೆ. ಅವಳ ಮುಂದೆ ಬ್ಯಾಡ." ಅವನ ತಾಯಿ ಆಗಲೇ ಅಲ್ಲಿ ನಿಂತಿದ್ದರು.

ಫೋನು ತೆಗೆದು ವಿಡಿಯೋ ತೋರಿಸಿದ. ಹೊಲದ ಬದುವಿನ ಮೇಲೆ ಹೆಂಡತಿ ನಡೆದು ಬರುತ್ತಿದ್ದಾಳೆ. ತಲೆಯ ಮೇಲೆ ಹಸಿ ಹೊಗೆಸೊಪ್ಪಿನ ದೊಡ್ಡ ಹೊರೆ. ಎರಡೂ ಕೈ ಬಿಟ್ಟು ಬೀಸಿಕೊಂಡು ನಡೆಯುತ್ತಿದ್ದಾಳೆ. ಕತ್ತು ಕಂಬ ನಿಲ್ಲಿಸಿದ ಹಾಗೆ ನೆಟ್ಟಗಿದೆ. ಮರೆಯಲ್ಲಿ ನಿಂತು ತೆಗೆದದ್ದು ಅಂತ ಗೊತ್ತಾಗುತ್ತಿತ್ತು.

"ನೀವೇ ನೋಡಿ. ಅಷ್ಟು ಒರೆ ಒತ್ರೆ ಕತ್ತು ತಿರುಗಾಕಿಲ್ಲ. ಒಲೆ ಮುಂದೆ ಕುಂತ್ರೆ ತಿರುಗ್ತದೆ. ಇದ್ಯಾವ ಕಾಯ್ಲೆ?"

"ಕೆಲ್ಸ ಮಾಡೋವಾಗ ಇಲ್ದಿರೋದು ಕುಂತಾಗ ಬತ್ತದೆ ಅಂದ್ರೆ ನಮಗೂ ಬುದ್ಧಿ ಇಲ್ವಾ?" ಅಂದರು ತಾಯಿ. "ಕೆ.ಆರ್. ನಗರದ ಕಡೆ ಒಬ್ಬ ಉಳುಕು ತೆಗೆಯೋನವ್ನೆ. ಅಮಾಸೆ ದಿನ ಮಾತ್ರ ತೆಗೀತಾನೆ. ಇಬ್ರು ಭುಜ ಇಡ್ಕತ್ತಾರೆ, ಅವನು ತಲೆ ಇಡ್ಕಂಡು ಒಂದೇ ಸಲ ತಿರುಗುಸ್ತಾನೆ. ಉಳುಕಾದ್ರೂ ಓಯ್ತದೆ, ನಾಟ್ಕ ಆದ್ರೂ ಓಯ್ತದೆ."

ಹಾಗೆ ಒಂದೇ ಸಲ ತಿರುಗಿಸಿದ ಕತ್ತುಗಳನ್ನು ನಾನು ನೋಡಿದ್ದೇನೆ. ಕೆಲವರ ಕೈಕಾಲು ಮತ್ತೆ ಏಳಲಿಲ್ಲ. ಅದನ್ನು ಹೇಳಿದೆ.

"ಈ ವಿಡಿಯೋ ಬೇರೆ ಯಾರಿಗಾದರೂ ತೋರಿಸಿದೀಯಾ?" ಅಂತ ಕೇಳಿದೆ.

"ನೆಂಟ್ರ ಗ್ರೂಪ್‌ಗೆ ಆಕಿದೀನಿ. ಅವಳ ಅಣ್ತಮ್ಮಂದಿರೂ ಅವ್ರೆ ಅದ್ರಲ್ಲಿ. ನಾಳೆ ನಾವು ಒಡೆದ್ವಿ ಬಡಿದ್ವಿ ಅನ್ಬಾರ್ದಲ್ಲ."

ಮುಚ್ಚಿಡದೆ ಬರೆಯುತ್ತೇನೆ, ಆ ವಿಡಿಯೋ ನೋಡಿ ನನಗೂ ಒಂದು ಕ್ಷಣ ಅನುಮಾನ ಬಂತು. ಮತ್ತೊಮ್ಮೆ ಹಾಕಿಸಿ ನೋಡಿದೆ. ಹೊರೆಯನ್ನು ಬ್ಯಾರನ್ ಮುಂದಿನ ಕಟ್ಟೆಗೆ ಅವಳು ಇಳಿಸುತ್ತಾಳೆ, ವಿಡಿಯೋ ಅಲ್ಲಿಗೆ ನಿಲ್ಲುತ್ತದೆ. ಬ್ಯಾರನ್ ಅಂದರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಮನೆ, ಆ ಕಡೆಯ ಊರುಗಳಲ್ಲೆಲ್ಲ ಇದೆ.

"ಇಳಿಸಿದ ಮೇಲೆ ಏನಾಯಿತು?"

"ಆಮೇಲೆ ಯಾಕೆ ತೆಗೀಲಿ? ಬೇಕಾದ್ದು ಸಿಕ್ತಲ್ಲ."

ನನಗೆ ಬೇಕಾದದ್ದು ಅದರ ಮುಂದಿನದು. ಇಷ್ಟು ದಿನ ನಾನು ಅವಳನ್ನು ಕೇಳಿದ್ದೆ, ನೋಡಿದ್ದೆ, ಮುಟ್ಟಿದ್ದೆ, ಅಳೆದಿದ್ದೆ. ಎಲ್ಲವೂ ಕುರ್ಚಿಯಲ್ಲಿ ಕೂರಿಸಿಕೊಂಡು, ತಲೆಯ ಮೇಲೆ ಏನೂ ಇಲ್ಲದಾಗ. ಮಧ್ಯಾಹ್ನದ ರೋಗಿಗಳಿಗೆ ಫೋನು ಮಾಡಿ ಮರುದಿನ ಬರಲು ಹೇಳಿದೆ. ಈ ಕೇಂದ್ರಕ್ಕೆ ಬಂದ ಮೇಲೆ ನಾನು ಹಾಗೆ ಮಾಡಿದ್ದು ಅದೇ ಮೊದಲು. ಕೋನಮಾಪಕವನ್ನು ಚೀಲಕ್ಕೆ ಹಾಕಿಕೊಂಡು ಅವರ ಜೊತೆಗೇ ಬಸ್ಸು ಹತ್ತಿದೆ.

ಹಳ್ಳಿ ತಲುಪಿದಾಗ ಬಿಸಿಲು ಇಳಿಮುಖವಾಗಿತ್ತು. ಬ್ಯಾರನ್ ಮುಂದೆ ಚಪ್ಪರದ ನೆರಳಿನಲ್ಲಿ ಐದಾರು ಹೆಂಗಸರು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಎಲ್ಲರ ಬೆರಳೂ ಸೊಪ್ಪಿನ ಅಂಟಿಗೆ ಕಪ್ಪಾಗಿತ್ತು. ನಾನು ಯಾರು ಅಂತ ಅತ್ತೆ ಹೇಳಿದರು. "ಕತ್ತು ಡಾಕ್ಟ್ರು. ಸೊಸೆ ನಾಟ್ಕ ನೋಡಕ್ಕೆ ಬಂದವ್ರೆ." ಒಬ್ಬಾಕೆ, "ಟಿಕೇಟು ಎಷ್ಟಮ್ಮಿ?" ಅಂದಳು. ನಗು ಎದ್ದಿತು.

ನಾನು ಕೇಳಿದಂತೆ ಅವಳು ಹೊಲಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಬದುವಿನ ಮೇಲೆ ಹೊರೆ ಹೊತ್ತು ಬಂದಳು. ವಿಡಿಯೋದಲ್ಲಿದ್ದ ಹಾಗೆಯೇ. ಅಲ್ಲಿಯವರೆಗೆ ನಾನು ಅವಳ ಮುಖವನ್ನು ಎದುರಿನಿಂದ ಪೂರ್ತಿ ನೋಡಿರಲೇ ಇಲ್ಲ. ಎರಡೂ ಹುಬ್ಬು ಒಂದೇ ಮಟ್ಟದಲ್ಲಿ, ಮೂಗು ನೇರವಾಗಿ ನನ್ನ ಕಡೆಗೆ. ಬೇರೆ ಯಾರೋ ಬರುತ್ತಿದ್ದಾರೆ ಅನ್ನಿಸಿತು.

ಹೊರೆ ಇಳಿಸಿದಳು. "ಏನೂ ಮಾಡಬೇಡ, ಸುಮ್ಮನೆ ನಿಂತಿರು," ಅಂದೆ. ಎದುರಿಗೆ ನಿಂತು ನೋಡಿದೆ. ಮೊದಲು ಬಲಗತ್ತಿನ ಹಗ್ಗ ತಾನಾಗಿ ಮೆಲ್ಲನೆ ಎದ್ದಿತು. ಆಮೇಲೆ ಗದ್ದ ಎಡಕ್ಕೆ ಹೊರಟಿತು. ಅವಳ ಕಣ್ಣು ಮಾತ್ರ ನನ್ನ ಮೇಲೇ ಉಳಿಯಲು ಪ್ರಯತ್ನಿಸುತ್ತ, ಮುಖ ತಿರುಗಿದಂತೆಲ್ಲ ಅಂಚಿಗೆ ಸರಿಯುತ್ತ ಹೋಯಿತು. ಹೋಗಬಾರದ ಕಡೆಗೆ ಯಾರೋ ಎಳೆದೊಯ್ಯುವಾಗ ಹಿಂತಿರುಗಿ ನೋಡುವವರ ಕಣ್ಣಿನಂತೆ. ಚಪ್ಪರದ ಕೆಳಗೆ ಯಾರೂ ನಗಲಿಲ್ಲ. ಅವರು ತಿರುಗಿದ ಕತ್ತನ್ನು ದಿನವೂ ನೋಡಿದ್ದರು, ಅದು ತಿರುಗುವುದನ್ನು ಹೀಗೆ ನಿಂತು ನೋಡಿರಲಿಲ್ಲ.

ಹೊರೆಯ ಕೆಳಗೆ ಇಟ್ಟುಕೊಳ್ಳುವ ಸಿಂಬಿ ಕಟ್ಟೆಯ ಮೇಲೆ ಬಿದ್ದಿತ್ತು. ಹಳೆಯ ಸೀರೆಯ ತುಂಡನ್ನು ಬಳೆಯ ಹಾಗೆ ಸುತ್ತಿದ್ದು, ಭಾರ ಅನ್ನುವಂಥದ್ದಲ್ಲ. ಅದನ್ನೆತ್ತಿ ಅವಳ ತಲೆಯ ಮೇಲಿಟ್ಟೆ.

ಕತ್ತು ನೆಟ್ಟಗಾಯಿತು.

ತೆಗೆದೆ. ತಿರುಗಿತು. ಇಟ್ಟೆ. ನೆಟ್ಟಗಾಯಿತು. ಬಲಗತ್ತಿನ ಮೇಲೆ ಬೆರಳಿಟ್ಟುಕೊಂಡೇ ಇದನ್ನು ಮಾಡಿದೆ. ವಾರಗಟ್ಟಲೆ ನನ್ನ ಎರಡೂ ಕೈಗೆ ಬಗ್ಗದ ಆ ಹಗ್ಗ ಒಂದು ಬಟ್ಟೆಯ ಸುತ್ತಿನ ಕೆಳಗೆ ಬೆಣ್ಣೆಯಂತೆ ಇಳಿಯಿತು. ನನಗೆ ತಿಳಿದ ಬಲದ ಲೆಕ್ಕ ಯಾವುದೂ ಇದನ್ನು ವಿವರಿಸಲಾರದು. ಸಿಂಬಿ ಅವಳ ತಲೆಯನ್ನು ಹಿಡಿದಿರಲಿಲ್ಲ, ತಳ್ಳುತ್ತಿರಲಿಲ್ಲ. ಅಲ್ಲಿ ಇತ್ತು, ಅಷ್ಟೇ.

ಇದರ ಹೆಸರು ಆಗ ನೆನಪಿಗೆ ಬಂತು. ತರಬೇತಿಯ ಕಾಲದಲ್ಲಿ ನಮ್ಮ ಶಿಕ್ಷಕರೊಬ್ಬರು ಸ್ನಾಯು ತಾನಾಗಿ ತಿರುಚಿಕೊಳ್ಳುವ ಡಿಸ್ಟೋನಿಯಾ ಅನ್ನುವ ಕಾಯಿಲೆಯ ಬಗ್ಗೆ ಹೇಳುವಾಗ, ಕೆಲವರಿಗೆ ಗದ್ದಕ್ಕೆ ಬೆರಳು ತಾಗಿಸಿದರೆ ಸಾಕು, ಕತ್ತು ಸರಿಯಾಗುತ್ತದೆ ಅಂದಿದ್ದರು. ಬರೆದುಕೊಂಡು ಪಾಸಾಗಿದ್ದೆವು. ಕಣ್ಣಾರೆ ಕಂಡಿರಲಿಲ್ಲ.

ಕ್ರಮವಾಗಿ ಪರೀಕ್ಷಿಸಿದೆ. ಮಡಿಸಿದ ಟವೆಲ್ ಇಟ್ಟರೂ ನೆಟ್ಟಗಾಯಿತು. ಅವಳದೇ ಅಂಗೈ ನೆತ್ತಿಯ ಮೇಲಿಟ್ಟರೂ ಆಯಿತು. ನನ್ನ ಅಂಗೈ ಇಟ್ಟರೂ ಆಯಿತು, ಸ್ವಲ್ಪ ತಡವಾಗಿ. ಗದ್ದ ಮುಟ್ಟಿದರೆ ಏನೂ ಆಗಲಿಲ್ಲ, ಕೆನ್ನೆಗೂ ಇಲ್ಲ. ಇವಳಿಗೆ ನೆತ್ತಿಯೇ ಬೇಕು. ಚಿಕ್ಕಂದಿನಿಂದ ನೀರು, ಹುಲ್ಲು, ಸೌದೆ, ಸೊಪ್ಪು ಹೊತ್ತ ನೆತ್ತಿ.

ಕೊನೆಗೆ ಒಂದು ಪ್ರಯತ್ನ ಉಳಿದಿತ್ತು. ಏಕೆ ಹೊಳೆಯಿತೋ ಗೊತ್ತಿಲ್ಲ. "ಕೈ ಕೆಳಗಿರಲಿ. ತಲೆ ಮೇಲೆ ಏನೂ ಇಲ್ಲ. ಆದರೆ ಹೊರೆ ಇದೆ ಅಂತ ನೆನೆಸ್ಕೋ. ಬದುವಿನ ಮೇಲೆ ಬರ್ತಿದೀಯ," ಅಂದೆ.

ಅವಳು ಕಣ್ಣು ಮುಚ್ಚಿದಳು. ಗದ್ದ ಅದುರುತ್ತ, ಅಂಗುಲ ಅಂಗುಲವಾಗಿ ನಡುವಿಗೆ ಬಂತು. ಅಲ್ಲಿ ಒಂದೆರಡು ಉಸಿರಿನಷ್ಟು ಹೊತ್ತು ನಿಂತಿತು. ಮತ್ತೆ ಹೊರಟುಹೋಯಿತು.

ಇಲ್ಲದ ಹೊರೆಗೆ ಕತ್ತು ಮಣಿಯಿತು. ಇಷ್ಟು ವರ್ಷ ನಾನು ಸ್ನಾಯುಗಳನ್ನು ಹಗ್ಗ, ರಾಟೆ, ಕೀಲು ಅಂತ ತಿಳಿದು ಕೆಲಸ ಮಾಡಿದ್ದೆ. ಅದರಿಂದ ನೂರಾರು ಜನ ಎದ್ದು ನಡೆದದ್ದೂ ನಿಜ. ಆದರೆ ಆ ಹಗ್ಗಗಳನ್ನು ಹಿಡಿದವನು ಎಲ್ಲೋ ಒಳಗೆ ಕತ್ತಲಲ್ಲಿ ಕೂತಿದ್ದಾನೆ, ಹೊರಗಿನಿಂದ ಬರುವ ಒಂದು ಸುಳಿವಿಗೆ ಕಾಯುತ್ತಿರುತ್ತಾನೆ ಅನ್ನುವುದು ನನಗೆ ಗೊತ್ತಾದದ್ದು ಆ ಬ್ಯಾರನ್ ಮುಂದೆ.

"ಅಂಗಾದ್ರೆ ಮಲಗೋಗಂಟ ಒರೆ ಒತ್ಕಂಡೇ ಇರ್ಲಿ ಬುಡಿ," ಅಂದರು ಅತ್ತೆ. "ಸೊಪ್ಪೂ ಮುಗೀತದೆ, ಕಾಯ್ಲೇನೂ ಓಯ್ತದೆ."

ಚಪ್ಪರದ ಕೆಳಗೆ ಮತ್ತೆ ನಗು. ಇವಳೂ ನಕ್ಕಳು, ಎಡಭುಜದ ಕಡೆಗೆ.

ಅಲ್ಲಿಂದಲೇ ನರರೋಗ ವೈದ್ಯೆಗೆ ಫೋನು ಮಾಡಿದೆ. ಅವರು ಮೈಸೂರಿನವರು, ತಿಂಗಳಿಗೊಂದು ದಿನ ನಮ್ಮ ಕೇಂದ್ರಕ್ಕೆ ಬಂದು ರೋಗಿಗಳನ್ನು ನೋಡುತ್ತಾರೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ನೆನೆಸಿಕೊಂಡರೂ ನಡುವಿಗೆ ಬಂತೇ?" ಅಂತ ಎರಡು ಸಲ ಕೇಳಿದರು. ಈ ಸಲ ಬರುವಾಗ ಬೇಕಾದ ಔಷಧಿಯನ್ನೂ ಯಂತ್ರವನ್ನೂ ತರುತ್ತೇನೆ ಅಂದರು. ಅವರು ಬರುವ ದಿನ ಅಮಾವಾಸ್ಯೆಗೆ ಮುಂಚೆಯೇ ಇತ್ತು. ಗಂಡನನ್ನು ಪಕ್ಕಕ್ಕೆ ಕರೆದೆ.

"ಅಲ್ಲಿಯವರೆಗೆ ಇವಳ ಕತ್ತಿಗೆ ಯಾರೂ ಕೈ ಹಾಕಬಾರದು. ನನಗೆ ಮಾತು ಕೊಡು."

"ಡಾಕ್ಟ್ರೂ ಏನಿಲ್ಲ ಅಂದ್ರೆ?"

"ಆಮೇಲೆ ನಾನು ಮಾತಾಡಲ್ಲ."

ಹಾಗೆ ಅಂದದ್ದಕ್ಕೆ ಆ ರಾತ್ರಿ ನಿದ್ದೆ ಬರಲಿಲ್ಲ. ಮೈಸೂರಿನಲ್ಲಿ ಒಮ್ಮೆ ಏನೂ ಇಲ್ಲ ಅಂತ ಆಗಿತ್ತು. ಇನ್ನೊಮ್ಮೆ ಆದರೆ ಅವಳ ಕಡೆ ನಿಲ್ಲುವವರು ಯಾರೂ ಉಳಿಯುವುದಿಲ್ಲ. ಅವಳ ತಲೆ ಆ ಉಳುಕು ತೆಗೆಯುವವನ ಕೈಯಲ್ಲಿರುತ್ತದೆ.

ವೈದ್ಯೆ ಬಂದ ದಿನ ಇವರ ಸರದಿಯನ್ನು ಕೊನೆಗೆ ಇಟ್ಟಿದ್ದೆ, ಅವಸರ ಆಗಬಾರದು ಅಂತ. ಒಳಕೋಣೆಯಲ್ಲಿ ಮತ್ತೆ ಅವರು ಮೂವರು, ನಾನು, ವೈದ್ಯೆ. ನಮ್ಮ ಕೋಣೆಯ ಕಟ್ಟಳೆಗೆ ವಿರುದ್ಧವಾಗಿ ಮನೆಯವರನ್ನು ಒಳಗೇ ಕೂರಿಸಿದೆ. ಅವರು ಕೇಳಿಸಿಕೊಳ್ಳಬೇಕಿತ್ತು.

ವೈದ್ಯೆ ನನಗಿಂತ ಬಹಳ ಚಿಕ್ಕವರು. ಅವಳನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ, ನಡೆಸಿ ನೋಡಿದರು. ನೆತ್ತಿಯ ಮೇಲೆ ಬೆರಳಿಟ್ಟರು, ತೆಗೆದರು. ಆಮೇಲೆ ಗಂಡನ ಕಡೆ ತಿರುಗಿದರು.

"ಇದು ಕತ್ತಿನ ಕಾಯಿಲೆ ಅಲ್ಲ. ಮೆದುಳಿನ ಆಳದಲ್ಲಿ ಕೆಲವು ಗಂಟುಗಳಂಥ ಭಾಗಗಳಿವೆ. ನಾವು ತಲೆ ನೆಟ್ಟಗೆ ಇಟ್ಟುಕೊಳ್ಳೋದನ್ನ ನಮಗೆ ಗೊತ್ತಿಲ್ಲದಂತೆ ಅವೇ ನೋಡಿಕೊಳ್ಳುತ್ತವೆ. ಇವರಿಗೆ ಅಲ್ಲಿಂದ ತಪ್ಪು ಆಜ್ಞೆ ಹೋಗ್ತಿದೆ. ತಿರುಗು, ತಿರುಗು ಅಂತ. ಸ್ಕ್ಯಾನಿನಲ್ಲಿ ಆಕಾರ ಕಾಣುತ್ತೆ, ಆಜ್ಞೆ ಕಾಣಲ್ಲ. ಅದಕ್ಕೇ ಸರಿಯಾಗಿದೆ ಅಂತ ಬಂದದ್ದು."

"ಅಂಗಾದ್ರೆ ಒರೆ ಒತ್ತಾಗ?" ಅಂದ ಗಂಡ.

"ನೆತ್ತಿ ಮೇಲೆ ಏನಾದರೂ ತಾಗಿದರೆ, ತಲೆ ಎಲ್ಲಿದೆ ಅನ್ನೋ ಸರಿಯಾದ ಸುದ್ದಿ ಒಳಗೆ ಹೋಗುತ್ತೆ. ಸ್ವಲ್ಪ ಹೊತ್ತು ತಪ್ಪು ಆಜ್ಞೆ ನಿಲ್ಲುತ್ತೆ. ಯಾಕೆ ಹಾಗೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಆದರೆ ನಾಟಕ ಅಂತ ನೀವು ತೆಗೆದ ವಿಡಿಯೋ ಇದೆಯಲ್ಲ, ಇದೇ ಕಾಯಿಲೆ ಅಂತ ಹೇಳೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಬೇಕಾಗಿಲ್ಲ."

ಅವನು ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಚಿಕಿತ್ಸೆ ಏನು ಅಂತ ಅತ್ತೆ ಕೇಳಿದರು. ಬಿಗಿಯುವ ಸ್ನಾಯುಗಳಿಗೇ ಸೂಜಿ ಹಾಕುವುದು. ಔಷಧಿ ಒಂದೆರಡು ವಾರದಲ್ಲಿ ಕೆಲಸ ಮಾಡುತ್ತದೆ, ಸುಮಾರು ಮೂರು ತಿಂಗಳು ಇರುತ್ತದೆ, ಮತ್ತೆ ಹಾಕಿಸಬೇಕು. ಬೇರಿನಿಂದ ಕೀಳುವ ಮದ್ದಲ್ಲ. ವೈದ್ಯೆ ಏನನ್ನೂ ಮುಚ್ಚಿಡುವವರಲ್ಲ. "ಇದು ಒಂದು ಸೂಕ್ಷ್ಮಜೀವಿಯಿಂದ ಬರುವ ವಿಷ. ತುಂಬ ಕಡಿಮೆ ಪ್ರಮಾಣದಲ್ಲಿ ಕೊಡ್ತೀವಿ," ಅಂದುಬಿಟ್ಟರು.

"ವಿಸಾನಾ?" ಅತ್ತೆ ಎದ್ದು ನಿಂತರು. "ಸೊಪ್ಪಿಗೆ ಒಡೀತೀವಲ್ಲ, ಅಂತಾದ್ದಾ? ಏಳ್ಲಾ ಮಗ, ಓಗವ. ತಿರುಗಿದ್ರೆ ತಿರುಗ್ಲಿ ಕತ್ತು, ಜೀವ್ವಾದ್ರೂ ಇರ್ತದೆ."

ಗಂಡನೂ ಎದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಂಚದ ಮೇಲಿದ್ದವಳು ಮಾತಾಡಿದಳು. ಮುಖ ಗೋಡೆಯ ಕಡೆಗಿತ್ತು.

"ಅಮಾಸೆ ದಿನ ನೀವಿಬ್ರೂ ನನ್ನ ಭುಜ ಇಡ್ಕಳೋರಿದ್ರಲ್ಲ. ಅದುಕ್ಕೆ ನನ್ನ ಕೇಳಿದ್ರಾ? ಇದುನ್ನ ನಾನೇಳ್ತೀನಿ. ಕತ್ತು ನಂದು. ಸೂಜಿ ಆಕಿ ಡಾಕ್ಟ್ರಮ್ಮ."

ಅತ್ತೆ ನಿಂತೇ ಇದ್ದರು. ಹೊರಗೂ ಹೋಗಲಿಲ್ಲ. ವೈದ್ಯೆ ಅಪಾಯಗಳನ್ನು ಬಿಡಿಸಿ ಹೇಳಿ, ಅವಳ ಒಪ್ಪಿಗೆಯನ್ನು ಮತ್ತೊಮ್ಮೆ ಕೇಳಿದರು. "ಆಕಿ" ಅಂತ ಮತ್ತೊಮ್ಮೆ ಅಂದಳು.

ಸ್ಪಿರಿಟ್, ಹತ್ತಿ, ಕೈಗವಸು ಜೋಡಿಸಿಟ್ಟೆ. ಐಸ್ ಪೆಟ್ಟಿಗೆಯಿಂದ ಔಷಧಿ ಹೊರಬಂತು. ಕೊನೆಗೆ ಅಂಗೈ ಅಗಲದ ಯಂತ್ರ. ಸ್ನಾಯುವಿನೊಳಗೆ ಹುಟ್ಟುವ ಸಣ್ಣ ವಿದ್ಯುತ್ತನ್ನು ಅದು ಸದ್ದಾಗಿ ಕೇಳಿಸುತ್ತದೆ. ಸೂಜಿ ಸರಿಯಾದ ಜಾಗದಲ್ಲಿದೆಯೇ ಅಂತ ಕಿವಿಯಿಂದಲೇ ತಿಳಿಯಬಹುದು. "ಮೈ ಸಡಿಲ ಬಿಡಿ, ಏನೂ ಮಾಡಬೇಡಿ," ಅಂತ ಹೇಳಿ ವೈದ್ಯೆ ಬಲಗತ್ತಿಗೆ ಸೂಜಿ ಇಳಿಸಿದರು.

ಕೋಣೆ ತುಂಬ ಸದ್ದು. ಹೆಂಚಿನ ಮೇಲೆ ಜೋರು ಮಳೆ ಬಿದ್ದಂತೆ, ನಿಲ್ಲದ ಗದ್ದಲ.

"ಏನ್ರೀ ಅದು?" ಅಂದರು ಅತ್ತೆ.

"ಇವರ ಕತ್ತು," ಅಂದರು ವೈದ್ಯೆ. "ಇವರು ಸುಮ್ಮನಿದ್ದಾರೆ, ಕತ್ತು ಸುಮ್ಮನಿಲ್ಲ. ಬನ್ನಿ, ಕೈ ಕೊಡಿ. ಇವರ ನೆತ್ತಿ ಮೇಲೆ ಇಡಿ. ಒತ್ತಬೇಡಿ."

ಅತ್ತೆಯ ಕೈ ಸೊಪ್ಪಿನ ಅಂಟಿಗೆ ಕಪ್ಪಾದ ಕೈ. ಅದನ್ನು ಸೀರೆಗೆ ಒರೆಸಿಕೊಂಡು, ಬಿಸಿ ಪಾತ್ರೆ ಮುಟ್ಟುವವರಂತೆ ಸೊಸೆಯ ನೆತ್ತಿಯ ಮೇಲಿಟ್ಟರು.

ಮಳೆ ಕಡಿಮೆಯಾಯಿತು. ಹನಿಹನಿಯಾಯಿತು. ನಿಂತಿತು.

ಅವರು ಗಾಬರಿಯಾಗಿ ಕೈ ತೆಗೆದರು. ಗದ್ದಲ ಮತ್ತೆ ಎದ್ದಿತು. ಯಾರೂ ಹೇಳದೆ ಅವರೇ ಮತ್ತೆ ಕೈ ಇಟ್ಟರು. ಮತ್ತೆ ನಿಂತಿತು. ಆ ನಿಶ್ಶಬ್ದದಲ್ಲಿ ಫ್ಯಾನಿನ ಸದ್ದು ಕೇಳಿಸುತ್ತಿತ್ತು. ವೈದ್ಯೆ ಯಂತ್ರದ ಮೇಲಿನ ಕಣ್ಣು ತೆಗೆದಿರಲಿಲ್ಲ.

ಔಷಧಿ ಹಾಕಬೇಕಾದರೆ ಸದ್ದು ಬೇಕು. "ಈಗ ತೆಗೀರಿ ಅಮ್ಮ," ಅಂದರು. ಅತ್ತೆ ಕೂಡಲೇ ತೆಗೆಯಲಿಲ್ಲ. "ತೆಗುದ್ರೆ ಮತ್ತೆ ಶುರುವಾಯ್ತದಲ್ಲ," ಅಂದರು. ಎರಡನೆಯ ಸಲ ಹೇಳಿದ ಮೇಲೆ ತೆಗೆದರು.

ಬಲಗತ್ತಿನ ಮುಂದಿನ ಸ್ನಾಯು, ಎಡಗಡೆ ಹಿಂಗತ್ತಿನದು. ಎರಡಕ್ಕೂ ಕೆಲವು ಕಡೆ ಹಾಕಿ ವೈದ್ಯೆ ಕೈ ತೊಳೆದರು. ಮೈಸೂರಿಗೆ ಹಿಂತಿರುಗುವ ಹೊತ್ತಾಗಿತ್ತು, ಮುಂದಿನದನ್ನು ನನಗೆ ಒಪ್ಪಿಸಿ ಹೊರಟರು.

ಗಂಡ ಜಗಲಿಗೆ ಹೋಗಿದ್ದ. ಕಿಟಕಿಯಿಂದ ಅವನ ಮಾತು ಒಳಗೆ ಕೇಳುತ್ತಿತ್ತು. ನೆಂಟರ ಗುಂಪಿಗೆ ಮಾತನ್ನೇ ರೆಕಾರ್ಡು ಮಾಡಿ ಕಳಿಸುತ್ತಿದ್ದ. "ಎಲ್ರೂ ಕೇಳ್ರಪ್ಪ. ಅವತ್ತು ನಾನು ಆಕಿದ್ನಲ್ಲ ವಿಡಿಯೋ, ಅದು ತಪ್ಪು. ಅವಳು ನಾಟ್ಕ ಆಡ್ತಾ ಇಲ್ಲ. ಕತ್ತು ಅವಳ ಮಾತು ಕೇಳ್ತಾ ಇಲ್ಲ. ನಾನೇ ಕಿವಿಯಾರ ಕೇಳ್ದೆ." ಕೊನೆಗೆ, "ಏನು ಕೇಳ್ದೆ ಅಂತ ಬಂದು ಏಳ್ತೀನಿ. ಇದ್ರಲ್ಲಿ ಏಳಕ್ಕಾಗಾಕಿಲ್ಲ," ಅಂದ.

ಸೂಜಿ ಚುಚ್ಚಿದ ಜಾಗಗಳನ್ನು ನಾನು ಹತ್ತಿಯಿಂದ ಒತ್ತಿ ಹಿಡಿದಿದ್ದೆ. ಅವಳ ತಲೆ ಇನ್ನೂ ಎಡಕ್ಕೇ ಇತ್ತು. ಔಷಧಿಗೆ ಇನ್ನೂ ದಿನಗಳು ಬೇಕು. ಅತ್ತೆ ಮಂಚದ ಆ ಬದಿಗೆ, ಸೊಸೆಯ ಮುಖ ತಿರುಗಿದ್ದ ಕಡೆಗೆ ಹೋಗಿ ನಿಂತರು.

"ನೋಯ್ತದಾ?"

"ಇಲ್ಲ ಬುಡಿ ಅತ್ತೆ. ಸೂಜಿ ಅಲ್ವಾ, ಇರುವೆ ಕಚ್ದಂಗೆ."

"ಸೂಜಿ ಅಲ್ಲ ಕಣವ್ವ. ಇಷ್ಟು ದಿನ."

ನಾನು ಹತ್ತಿ ಬದಲಾಯಿಸಿದೆ.

"ನೋಯ್ತಿತ್ತು," ಅಂದಳು. "ನಿದ್ದೆ ಬರೋಗಂಟ ನೋಯ್ತಿತ್ತು ಕಣತ್ತೆ."

ಅತ್ತೆಯ ಕಪ್ಪು ಬೆರಳುಗಳ ಆ ಕೈ ಮತ್ತೆ ಅವಳ ನೆತ್ತಿಗೆ ಹೋಯಿತು. ನನ್ನ ಬೆರಳ ಕೆಳಗೆ ಹಗ್ಗ ಮೆಲ್ಲನೆ ಇಳಿಯಿತು. ಯಂತ್ರ ಇರಲಿಲ್ಲ, ಸದ್ದೂ ಇರಲಿಲ್ಲ. ಆದರೂ ಅದು ನಿಂತ ಕ್ಷಣ ನಮ್ಮ ಮೂವರಿಗೂ ಗೊತ್ತಾಯಿತು.

ಒಂದು ಕೆಲಸ ಬಾಕಿ ಇತ್ತು. ಈ ಔಷಧಿ ಕೆಲವರಿಗೆ ಮುಂದಿನ ದಿನಗಳಲ್ಲಿ ನುಂಗುವ ಸ್ನಾಯುವನ್ನೂ ಸಡಿಲ ಮಾಡುತ್ತದೆ. ಮನೆಯಲ್ಲಿ ಏನನ್ನು ಗಮನಿಸಬೇಕು ಅಂತ ತೋರಿಸಿಕೊಡಬೇಕು. ಅವಳನ್ನು ಎಬ್ಬಿಸಿ ಕೂರಿಸಿ, ಲೋಟದಲ್ಲಿ ನೀರು ಕೊಟ್ಟೆ. ಒಂದೊಂದೇ ಗುಟುಕು ಕುಡಿಯಲು ಹೇಳಿದೆ. ಗಂಟಲು ಹೇಗೆ ಮೇಲೆದ್ದು ಇಳಿಯುತ್ತದೆ, ಕೆಮ್ಮು ಬಂದರೆ, ಗಂಟಲಲ್ಲಿ ನೀರು ನಿಂತಂತೆ ದನಿ ಗೊರಗೊರ ಕೇಳಿಸಿದರೆ ಯಾರಿಗೆ ಫೋನು ಮಾಡಬೇಕು ಅಂತ ಅತ್ತೆಗೆ ಹೇಳಿದೆ. ಅವರು ಮುಂದಕ್ಕೆ ಬಾಗಿ, ಪ್ರತಿ ಗುಟುಕಿಗೂ ಸೊಸೆಯ ಗಂಟಲನ್ನೇ ನೋಡಿದರು. ನೀರು ಸಲೀಸಾಗಿ ಇಳಿಯಿತು.

ಪಿರಿಯಾಪಟ್ಟಣದ ಬಸ್ಸಿಗೆ ಹೊತ್ತಾಯಿತು ಅಂತ ಗಂಡ ಹೊರಗಿನಿಂದ ಕೂಗಿದ. ಅವರು ಹೋದ ಮೇಲೆ ಹತ್ತಿಯನ್ನು ಡಬ್ಬಕ್ಕೆ ಹಾಕಿ, ಮಂಚದ ಬಟ್ಟೆ ಬದಲಾಯಿಸಿ, ಲೋಟ ತೊಳೆದು ಬೋರಲು ಹಾಕಿದೆ.